ಅಮೆರಿಕದ ಎಲೆಕ್ಷನ್‌ನಲ್ಲಿ ಯಾರ ಹಿಂದೆ ಯಾರ ದುಡ್ಡಿದೆ ಅಂತ ನೀವೇ ಹುಡುಕೋದು ಹೇಗೆ

ಇಲ್ಲಿಗೆ ಹೊಸದಾಗಿ ಬಂದ ನಮ್ಮೋರು ಯಾರು ಸಿಕ್ಕಿದ್ರೂ ಒಂದಲ್ಲ ಒಂದು ದಿನ ಕೇಳೇ ಕೇಳ್ತಾರೆ, ರಿಪಬ್ಲಿಕನ್ ಅಂದ್ರೆ ದುಡ್ಡಿರೋರ ಪಾರ್ಟಿ, ಡೆಮಾಕ್ರಟ್ ಅಂದ್ರೆ ಬಡವರ ಪಾರ್ಟಿ, ಅಷ್ಟೇ ತಾನೆ ಅಂತ. ನಾನೂ ಸುಮಾರು ವರ್ಷ ಹಂಗೇ ಅಂದ್ಕೊಂಡಿದ್ದೆ. ಸಿಟಿಜನ್‌ಶಿಪ್ ಸಿಕ್ಕಿ ಮೊದಲನೇ ಸಲ ವೋಟ್ ಹಾಕೋ ಹೊತ್ತಿಗೆ, ಅಂದ್ರೆ 2024ರಲ್ಲಿ, ಆ ಲೆಕ್ಕ ತಲೆಕೆಳಗಾಯ್ತು. ಪಾರ್ಟಿ ಹೆಸರು ನೋಡಿ ಏನೂ ಗೊತ್ತಾಗಲ್ಲ, ಒಬ್ಬೊಬ್ಬ ಕ್ಯಾಂಡಿಡೇಟ್‌ದೂ ಬೇರೆ ಬೇರೆ ಕಥೆ, ಅದನ್ನ ಬಿಡಿಸಿ ನೋಡೋಕೆ ಬೇಕಾಗಿರೋ ಲೆಕ್ಕಪತ್ರ ಎಲ್ಲಾ ಫ್ರೀಯಾಗಿ ಇಂಟರ್ನೆಟ್‌ನಲ್ಲೇ ಬಿದ್ದಿದೆ, ನೋಡೋರು ಮಾತ್ರ ಕಮ್ಮಿ. ಅರ್ಧ ಗಂಟೆ ಕೂತ್ರೆ ಸಾಕು, ಯಾರು ಬೇಕಾದ್ರೂ ಮಾಡಬಹುದು. ನಾನು ಹೆಂಗೆ ಮಾಡ್ತೀನಿ ಅಂತ ಬರೀತೀನಿ.

ನಾವಿರೋದು ಒಹಾಯೊದಲ್ಲಿ, ಕೊಲಂಬಸ್ ಹತ್ರ. 2024ರ ನವರಾತ್ರಿ ಟೈಮಲ್ಲಿ ಅತ್ತೆ ಊರಿಂದ ಬಂದಿದ್ರು, ಗೊಂಬೆ ಕೂರ್ಸಿದ್ವಿ, ಹಾಲ್‌ನಲ್ಲಿ ಟಿವಿ ಓಡ್ತಾನೇ ಇರೋದು. ಅಡುಗೆಮನೆಯಿಂದ ಉಸ್ಲಿ ಪಾತ್ರೆ ತರೋ ಅಷ್ಟ್ರಲ್ಲಿ ಸೆನೆಟ್ ಎಲೆಕ್ಷನ್‌ದು ಮೂರು ಆ್ಯಡ್ ಬಂದು ಹೋಗಿರೋದು. ಅತ್ತೆಗೆ ಇಂಗ್ಲಿಷ್ ಅಷ್ಟು ಬರಲ್ಲ ಆದ್ರೂ ಮುಖ ಗುರುತು ಸಿಕ್ಕಿಬಿಟ್ಟಿತ್ತು, "ಇವನು ಬೆಳಿಗ್ಗೆಯಿಂದ ಎಷ್ಟು ಸಲ ಬಂದ ನೋಡು, ಇಷ್ಟೊಂದು ಸಲ ತೋರ್ಸೋಕೆ ದುಡ್ಡು ಕೊಡೋರ್ಯಾರಮ್ಮಾ?" ಅಂದ್ರು. ನಂಗೆ ಉತ್ತರ ಗೊತ್ತಿರ್ಲಿಲ್ಲ. ರಿಮೋಟ್ ತಗೊಂಡು ಆ್ಯಡ್ ನಿಲ್ಲಿಸಿ ಕೆಳಗಡೆ ಸಣ್ಣ ಅಕ್ಷರದಲ್ಲಿ ಬರೋ ಸಾಲು ಓದಿದೆ, "ಪೇಯ್ಡ್ ಫಾರ್ ಬೈ ಡಿಫೆಂಡ್ ಅಮೆರಿಕನ್ ಜಾಬ್ಸ್" ಅಂತಿತ್ತು. ಹೆಸರು ಕೇಳಿದ್ರೆ ಯಾವ್ದೋ ಕಾರ್ಮಿಕರ ಸಂಘ ಅನ್ಸತ್ತೆ ಅಲ್ವಾ, ನಂಗೂ ಹಂಗೇ ಅನ್ಸಿತ್ತು.

ಸೋ ಮೊದಲನೇ ಕೆಲಸ ಇದೇ, ಆ್ಯಡ್ ನಿಲ್ಲಿಸಿ ಆ ಸಾಲು ಓದಿ. ಕ್ಯಾಂಡಿಡೇಟೇ ಬಂದು "ಈ ಮೆಸೇಜ್‌ಗೆ ನನ್ನ ಒಪ್ಪಿಗೆ ಇದೆ" ಅಂತ ಬಾಯಿಬಿಟ್ಟು ಹೇಳಿದ್ರೆ ಅದು ಅವರದೇ ಕ್ಯಾಂಪೇನ್ ದುಡ್ಡು. ಹಂಗೆ ಹೇಳದೆ, ಈ ಆ್ಯಡ್‌ಗೆ ಯಾವ ಕ್ಯಾಂಡಿಡೇಟ್‌ನ ಒಪ್ಪಿಗೆನೂ ಇಲ್ಲ ಅಂತ ಬರೆದಿದ್ರೆ ಅದು ಹೊರಗಿನೋರ ದುಡ್ಡು. ಆ ಹೆಸರನ್ನ ಇದ್ದ ಹಾಗೆ ಒಂದು ಚೀಟೀಲಿ ಬರ್ಕೊಳ್ಳಿ, ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ಬೇರೆ ಯಾವ್ದೋ ಸಂಘ ಸಿಗತ್ತೆ, ಯಾಕಂದ್ರೆ ಎಲ್ಲರೂ ಅಮೆರಿಕ, ಫ್ರೀಡಂ, ಪ್ರೋಗ್ರೆಸ್, ಜಾಬ್ಸ್ ಅನ್ನೋ ನಾಲ್ಕೈದು ಪದಗಳನ್ನೇ ಹಿಂದೆಮುಂದೆ ಮಾಡಿ ಹೆಸರಿಟ್ಕೊಂಡಿರ್ತಾರೆ.

ಹುಡುಕೋಕೆ ಮುಂಚೆ ಒಂದು ವಿಷ್ಯ ತಲೇಲಿ ಇಟ್ಕೊಬೇಕು, ಇಲ್ಲಿ ದುಡ್ಡು ಮೂರು ದಾರೀಲಿ ಹರಿಯತ್ತೆ. ಒಂದು ನೇರ ಕ್ಯಾಂಡಿಡೇಟ್ ಕೈಗೆ ಹೋಗೋದು, ಇದಕ್ಕೆ ಮಿತಿ ಇದೆ, 2025-26ರ ಸೈಕಲ್‌ಗೆ ಒಬ್ಬ ವ್ಯಕ್ತಿ ಒಬ್ಬ ಕ್ಯಾಂಡಿಡೇಟ್‌ಗೆ ಒಂದು ಎಲೆಕ್ಷನ್‌ಗೆ 3,500 ಡಾಲರ್ ಕೊಡಬಹುದು, ಪಾರ್ಟಿ ಒಳಗೇ ಕ್ಯಾಂಡಿಡೇಟ್ ಆರಿಸೋ ಪ್ರೈಮರಿ ಬೇರೆ, ಆಮೇಲೆ ಎಲ್ಲರೂ ವೋಟ್ ಹಾಕೋ ಜನರಲ್ ಬೇರೆ ಲೆಕ್ಕ, ಹಂಗಾಗಿ ಒಬ್ಬರಿಂದ 7,000, ಗಂಡ ಹೆಂಡ್ತಿ ಸೇರಿದ್ರೆ 14,000. ಕಂಪನಿಗಳು ಕ್ಯಾಂಡಿಡೇಟ್‌ಗೆ ನೇರ ಕೊಡೋ ಹಾಗೇ ಇಲ್ಲ, 1907ರ ಟಿಲ್ಮನ್ ಕಾಯ್ದೆಯಿಂದಲೂ ಅದು ಬಂದ್. ಎರಡನೇದು ಸೂಪರ್ ಪ್ಯಾಕ್, ಅಂದ್ರೆ ಕ್ಯಾಂಡಿಡೇಟ್ ಕೈಗೆ ಕೊಡದೆ ತಾವೇ ಪ್ರಚಾರಕ್ಕೆ ಖರ್ಚು ಮಾಡೋ ಗುಂಪುಗಳು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಿಟಿಜನ್ಸ್ ಯುನೈಟೆಡ್ ಕೇಸಲ್ಲಿ 5-4 ತೀರ್ಪು ಕೊಡ್ತು, ಕಂಪನಿಗಳೂ ಯೂನಿಯನ್‌ಗಳೂ ಕ್ಯಾಂಡಿಡೇಟ್ ಜೊತೆ ಸೇರದೆ ಸ್ವತಂತ್ರವಾಗಿ ಎಷ್ಟು ಬೇಕಾದ್ರೂ ಖರ್ಚು ಮಾಡಬಹುದು ಅಂತ, ಅದಾಗಿ ಎರಡು ತಿಂಗಳಿಗೆ ಸ್ಪೀಚ್‌ನೌ ಕೇಸಲ್ಲಿ ಕೆಳಗಿನ ಕೋರ್ಟು ಅಂಥ ಗುಂಪುಗಳಿಗೆ ದೇಣಿಗೆ ಮಿತೀನೂ ತೆಗೆದುಹಾಕ್ತು, ಅಲ್ಲಿಂದ ಬಾಗಿಲು ಪೂರ್ತಿ ತೆಗೀತು. ಇಲ್ಲಿ ಮಿತಿ ಇಲ್ಲ, ಆದ್ರೆ ಕೊಟ್ಟೋರ ಹೆಸರು ಹೇಳಬೇಕು. ಮೂರನೇದು ಡಾರ್ಕ್ ಮನಿ, ತೆರಿಗೆ ಕಾನೂನಲ್ಲಿ 501 ಸಿ 4 ಅಂತ ಕರೆಯೋ ಥರದ ಲಾಭರಹಿತ ಸಂಸ್ಥೆಗಳು, ಇವು ದುಡ್ಡು ಕೊಟ್ಟೋರ ಹೆಸರನ್ನ ಸಾಮಾನ್ಯವಾಗಿ ಹೇಳಬೇಕಾಗಿಲ್ಲ. ಮಿತಿಯಿದ್ದು ಹೆಸರಿರೋದು, ಮಿತಿಯಿಲ್ಲದೆ ಹೆಸರಿರೋದು, ಮಿತೀನೂ ಇಲ್ಲ ಹೆಸರೂ ಇಲ್ಲ ಅನ್ನೋದು, ಹಿಂಗೆ ನೆನಪಿಟ್ಕೊಳ್ಳಿ. ಊರಲ್ಲಿ ಲೋಕಸಭೆ ಕ್ಯಾಂಡಿಡೇಟ್‌ಗೆ 95 ಲಕ್ಷ ಅಂತ ಖರ್ಚಿನ ಮಿತಿ ಇದ್ಯಲ್ಲ, ಅಂಥದ್ದು ಇಲ್ಲಿ ಇಲ್ಲವೇ ಇಲ್ಲ, 1976ರ ಬಕ್ಲಿ ಕೇಸಲ್ಲೇ ಖರ್ಚಿಗೆ ಮಿತಿ ಹಾಕೋದು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಅಂದ್ಬಿಟ್ರು.

ಈಗ ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ. ಫೋನಲ್ಲೂ ಆಗತ್ತೆ ಆದ್ರೆ ಟೇಬಲ್‌ಗಳು ದೊಡ್ಡವು, ಕಣ್ಣು ನೋವು ಬರತ್ತೆ. ಫೆಡರಲ್ ಎಲೆಕ್ಷನ್ ಕಮಿಷನ್, ಎಲ್ಲರೂ ಎಫ್‌ಇಸಿ ಅಂತಾರೆ, ಅವರ ವೆಬ್‌ಸೈಟಿಗೆ ಹೋಗಿ ಕ್ಯಾಂಡಿಡೇಟ್ ಹೆಸರು ಹೊಡೀರಿ. ಈ ಕಮಿಷನ್ ಬಗ್ಗೆ ಜಾಸ್ತಿ ಭರವಸೆ ಇಟ್ಕೊಬೇಡಿ, ಆರು ಜನ ಕಮಿಷನರ್, ಒಂದೇ ಪಾರ್ಟಿಯೋರು ಮೂರಕ್ಕಿಂತ ಜಾಸ್ತಿ ಇರೋ ಹಾಗಿಲ್ಲ, ಯಾರ ಮೇಲಾದ್ರೂ ಕ್ರಮ ತಗೋಬೇಕಂದ್ರೆ ನಾಲ್ಕು ವೋಟ್ ಬೇಕು, ಎತ್ತು ಏರಿಗೆ ಕೋಣ ನೀರಿಗೆ ಅಂತ 3-3ರಲ್ಲಿ ನಿಂತ್ಬಿಡತ್ತೆ, 2025ರಲ್ಲಂತೂ ಕೋರಂಗೆ ಬೇಕಾದಷ್ಟು ಜನಾನೇ ಇಲ್ಲದ ಹಾಗಾಯ್ತು. ಆದ್ರೆ ಅಲ್ಲಿ ಫೈಲ್ ಆಗೋ ಲೆಕ್ಕಪತ್ರ ಚಿನ್ನದಂಥದ್ದು.

ಕ್ಯಾಂಡಿಡೇಟ್ ಪೇಜ್ ತೆಗೆದ ತಕ್ಷಣ ಒಟ್ಟು ಎಷ್ಟು ಬಂತು ಅನ್ನೋ ದೊಡ್ಡ ನಂಬರ್ ಕಾಣತ್ತೆ, ಅದನ್ನ ನೋಡಿ ದಂಗಾಗಿ ಅಲ್ಲೇ ನಿಲ್ಲಬೇಡಿ, ಕೆಳಗೆ ಬನ್ನಿ. ವ್ಯಕ್ತಿಗಳಿಂದ ಬಂದ ದುಡ್ಡನ್ನ ಎರಡು ಸಾಲಲ್ಲಿ ಒಡೆದು ತೋರ್ಸಿರ್ತಾರೆ, ಐಟಮೈಸ್ಡ್ ಮತ್ತೆ ಅನ್‌ಐಟಮೈಸ್ಡ್ ಅಂತ. ಒಬ್ಬರು ಆ ಎಲೆಕ್ಷನ್ ಸೈಕಲ್‌ನಲ್ಲಿ ಕೊಟ್ಟ ಒಟ್ಟು ದುಡ್ಡು 200 ಡಾಲರ್ ದಾಟಿದ್ರೆ ಹೆಸರು, ಅಡ್ರೆಸ್, ಕೆಲಸ, ಎಂಪ್ಲಾಯರ್ ಎಲ್ಲಾ ಬರೆಯಲೇಬೇಕು, ಅದು ಐಟಮೈಸ್ಡ್. ಅದಕ್ಕಿಂತ ಕಮ್ಮಿ ಕೊಟ್ಟೋರ ದುಡ್ಡೆಲ್ಲಾ ಸೇರಿಸಿ ಒಂದೇ ನಂಬರ್, ಅದು ಅನ್‌ಐಟಮೈಸ್ಡ್. ನಾನು ಮೊದಲು ಮಾಡೋದು ಇದೇ, ಎರಡನ್ನೂ ಭಾಗಿಸಿ ನೋಡ್ತೀನಿ. ಹತ್ತು ಇಪ್ಪತ್ತು ಡಾಲರ್ ಕೊಡೋ ಜನರಿಂದ ಅರ್ಧಕ್ಕರ್ಧ ಬಂದಿದ್ರೆ ಒಂದು ಥರ, ನೂರಕ್ಕೆ ಐದು ಮಾತ್ರ ಅಂಥವರಿಂದ ಬಂದಿದ್ರೆ ಇನ್ನೊಂದು ಥರ. 2016ರಲ್ಲಿ ಡೆಮಾಕ್ರಟ್ ಪಾರ್ಟಿಯಿಂದ ಅಧ್ಯಕ್ಷ ಕ್ಯಾಂಡಿಡೇಟ್ ಆಗೋಕೆ ನೋಡ್ತಿದ್ದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಹೋದಲ್ಲೆಲ್ಲಾ ನಮ್ಮ ಸರಾಸರಿ ದೇಣಿಗೆ 27 ಡಾಲರ್ ಅಂತ ಹೇಳ್ತಾ ಇದ್ದಿದ್ದು ಇದನ್ನೇ. ಹಾಗಂತ ಸಣ್ಣ ದುಡ್ಡು ಬಂದ್ರೆ ಒಳ್ಳೆಯವರು ಅಂತ ಏನಿಲ್ಲ, ಟಿವೀಲಿ ಕಿರುಚಾಡೋರಿಗೂ ಸಣ್ಣ ದುಡ್ಡು ಸುರಿಯತ್ತೆ, ಎರಡೂ ಪಾರ್ಟೀಲೂ.

ಆಮೇಲೆ ಕ್ಯಾಂಡಿಡೇಟ್ ತಾನೇ ಹಾಕ್ಕೊಂಡ ದುಡ್ಡು, ಅದರ ಸಾಲು ಬೇರೆ ಇರತ್ತೆ, ಅದನ್ನ ತಪ್ಪದೆ ನೋಡಿ. ಸ್ವಂತ ದುಡ್ಡು ಹಾಕೋಕೆ ಮಿತಿ ಇಲ್ಲ. ನ್ಯೂಯಾರ್ಕ್ ಮೇಯರ್ ಆಗಿದ್ದ ಕುಬೇರ ಮೈಕ್ ಬ್ಲೂಮ್‌ಬರ್ಗ್ 2020ರಲ್ಲಿ ಅಧ್ಯಕ್ಷ ಆಗ್ಬೇಕು ಅಂತ ಸುಮಾರು 100 ಕೋಟಿ ಡಾಲರ್ ಸ್ವಂತದ್ದು ಸುರಿದ್ರು, ಗೆದ್ದಿದ್ದು ಅಮೆರಿಕನ್ ಸಮೋವಾ ಒಂದೇ. ಕ್ಯಾಲಿಫೋರ್ನಿಯಾ ಗವರ್ನರ್ ಆಗೋಕೆ ಮೆಗ್ ವಿಟ್‌ಮನ್ 2010ರಲ್ಲಿ 14 ಕೋಟಿಗೂ ಮೇಲೆ ಹಾಕಿ ಸೋತ್ರು. ಆದ್ರೆ ಇಲಿನಾಯ್‌ನಲ್ಲಿ ಪ್ರಿಟ್ಜ್‌ಕರ್ 2018ರಲ್ಲಿ 17 ಕೋಟಿ ಹಾಕಿ ಗೆದ್ರು, ಅವರು ಡೆಮಾಕ್ರಟ್, ಹಯಾತ್ ಹೋಟೆಲ್ ಮನೆತನ. ನಮ್ಮ ಬೆಳಗಾವಿ ಜಿಲ್ಲೆ ಚಿಕ್ಕೋಡೀಲಿ ಹುಟ್ಟಿದ ಶ್ರೀ ಥಾಣೇದಾರ್ ಅವರೂ ಮಿಷಿಗನ್‌ನಲ್ಲಿ ಇದೇ ದಾರಿ ಹಿಡಿದೋರು, 2018ರಲ್ಲಿ ಗವರ್ನರ್ ಪ್ರೈಮರಿಗೆ ಕೋಟಿ ಡಾಲರ್ ಲೆಕ್ಕದಲ್ಲಿ ಸ್ವಂತ ದುಡ್ಡು ಹಾಕಿ ಮೂರನೇ ಸ್ಥಾನಕ್ಕೆ ಬಂದ್ರು, ಆಮೇಲೆ 2022ರಲ್ಲಿ ಡೆಟ್ರಾಯ್ಟ್ ಭಾಗದಿಂದ ಕಾಂಗ್ರೆಸ್‌ಗೆ, ಅಂದ್ರೆ ಇಲ್ಲಿನ ಸಂಸತ್ತಿಗೆ, ಗೆದ್ರು. ಬಡತನದಲ್ಲಿ ಬೆಳೆದು ಬಂದ ಮನುಷ್ಯ, ಆ ಕಥೆ ಕೇಳಿದ್ರೆ ನಂಗೂ ಹೆಮ್ಮೆ ಆಗತ್ತೆ, ಆದ್ರೆ ಸ್ವಂತ ದುಡ್ಡಿರೋರು ಮಾತ್ರ ನಿಲ್ಲಬಹುದಾದ ಕಡೆ ಬಸ್ ಡ್ರೈವರ್ ಮಗಳು ಹೆಂಗೆ ನಿಲ್ತಾಳೆ ಅನ್ನೋ ಪ್ರಶ್ನೆ ಹಂಗೇ ಉಳಿಯತ್ತೆ.

ಸ್ವಂತ ದುಡ್ಡಲ್ಲೂ "ಲೋನ್" ಅಂತ ಬರೆದಿದ್ಯಾ ನೋಡಿ. ಮುಂಚೆ ಎಲೆಕ್ಷನ್ ಮುಗಿದ ಮೇಲೆ ದಾನಿಗಳ ದುಡ್ಡಲ್ಲಿ ಕ್ಯಾಂಡಿಡೇಟ್ ತನ್ನ ಸಾಲ ವಾಪಸ್ ತಗೊಳ್ಳೋಕೆ 2,50,000 ಡಾಲರ್ ಮಿತಿ ಇತ್ತು, ಸೆನೆಟರ್ ಟೆಡ್ ಕ್ರೂಜ್ ಹಾಕಿದ ಕೇಸಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕ್ತು. ಅಂದ್ರೆ ಈಗ ಗೆದ್ದ ಮೇಲೆ ಯಾರೋ ಕೊಡೋ ಚೆಕ್ಕು ಬಳಸು ದಾರೀಲಿ ಗೆದ್ದವರ ಸ್ವಂತ ಜೇಬಿಗೇ ಸೇರತ್ತೆ. ಸೋಲ್ತಾರೋ ಗೆಲ್ತಾರೋ ಗೊತ್ತಿಲ್ಲದಾಗ ಕೊಟ್ಟ ದುಡ್ಡಿಗೂ ಗೆದ್ದ ಮೇಲೆ ಕೊಟ್ಟ ದುಡ್ಡಿಗೂ ಇರೋ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೆಸರುಗಳ ಪಟ್ಟಿ. ಇಲ್ಲಿ ಒಂದೊಂದೇ ಹೆಸರು ಓದ್ತಾ ಕೂರಬೇಡಿ, ಸಾವಿರಾರು ಇರ್ತವೆ, ದೊಡ್ಡ ಮೊತ್ತ ಮೇಲೆ ಬರೋ ಹಾಗೆ ಸಾರ್ಟ್ ಮಾಡಿ, ಆಮೇಲೆ ಎಂಪ್ಲಾಯರ್ ಕಾಲಂ ಮೇಲೆ ಕಣ್ಣು ಓಡ್ಸಿ. ಒಂದೇ ಕಂಪನಿಯ ಹತ್ತು ಹದಿನೈದು ಜನ ಒಂದೇ ವಾರದಲ್ಲಿ ಪೂರ್ತಿ ಮಿತಿಯಷ್ಟು ಕೊಟ್ಟಿದ್ರೆ ಅಲ್ಲೊಂದು ಫಂಡ್‌ರೈಸರ್ ಊಟ ನಡೆದಿದೆ ಅಂತ ನಾನು ಲೆಕ್ಕ ಹಾಕ್ತೀನಿ. ಊರು ನೋಡಿ, ಒಹಾಯೊ ಸೀಟಿಗೆ ನಿಂತೋರಿಗೆ ಮ್ಯಾನ್‌ಹ್ಯಾಟನ್, ಪಾಮ್ ಬೀಚ್, ಪಾಲೊ ಆಲ್ಟೊ ಇಂದ ಎಷ್ಟು ಬಂತು, ಇಲ್ಲಿನದೇ ಊರುಗಳಾದ ಯಂಗ್ಸ್‌ಟೌನ್, ಟೊಲೀಡೊ ಇಂದ ಎಷ್ಟು ಬಂತು. ಕೆಲಸದ ಕಾಲಂನಲ್ಲಿ "ರಿಟೈರ್ಡ್" ಅಂತ, ಡೆಮಾಕ್ರಟ್ ಕಡೆ "ನಾಟ್ ಎಂಪ್ಲಾಯ್ಡ್" ಅಂತ ತುಂಬಾ ಕಾಣತ್ತೆ, ನಾಟ್ ಎಂಪ್ಲಾಯ್ಡ್ ಅಂದ್ರೆ ಕೆಲಸ ಇಲ್ಲದ ಬಡವರು ಅಂತ ಅಲ್ಲ, ಆಕ್ಟ್‌ಬ್ಲೂ ಅನ್ನೋ ದೇಣಿಗೆ ವೆಬ್‌ಸೈಟಿನ ಫಾರ್ಮ್‌ನಲ್ಲಿ ರಿಟೈರ್ ಆದವರೂ ಅದನ್ನೇ ಒತ್ತೋದು, ಮೊದಲ ಸಲ ನಾನು ತಪ್ಪಾಗಿ ಅರ್ಥ ಮಾಡ್ಕೊಂಡಿದ್ದೆ. ಮತ್ತೆ ಆಕ್ಟ್‌ಬ್ಲೂ ಡೆಮಾಕ್ರಟ್‌ಗಳದ್ದು, ವಿನ್‌ರೆಡ್ ರಿಪಬ್ಲಿಕನ್‌ಗಳದ್ದು, ಇವು ದುಡ್ಡು ದಾಟ್ಸೋ ಸೇತುವೆ ಅಷ್ಟೇ, ಇವನ್ನ ನೋಡಿ ದೊಡ್ಡ ದಾನಿ ಅಂದ್ಕೊಬೇಡಿ. ಈ ಪಟ್ಟೀಲಿರೋ ಹೆಸರು ಅಡ್ರೆಸ್ ತಗೊಂಡು ಚಂದಾ ಕೇಳೋದು, ಬಿಸಿನೆಸ್‌ಗೆ ಬಳಸೋದು ಕಾನೂನುಬಾಹಿರ. ಪಕ್ಕದ ಮನೆಯೋರು ಯಾರಿಗೆ ಕೊಟ್ರು ಅಂತ ನೋಡೋ ಆಸೆ ಆಗತ್ತೆ, ನಾನಂತೂ ನೋಡಲ್ಲ, ನಾಳೆ ಅವರ ಮುಖ ನೋಡಬೇಕಲ್ಲ.

ಈಗ ನವರಾತ್ರಿ ಆ್ಯಡ್‌ಗೆ ವಾಪಸ್ ಬರೋಣ, ಯಾಕಂದ್ರೆ ನಿಜವಾದ ದೊಡ್ಡ ದುಡ್ಡು ಕ್ಯಾಂಡಿಡೇಟ್ ಅಕೌಂಟಲ್ಲಿ ಇರೋದೇ ಇಲ್ಲ. ಕ್ಯಾಂಡಿಡೇಟ್ ಪೇಜ್‌ನಲ್ಲೇ ಬೇರೆಯವರು ಅವರ ಪರ, ವಿರುದ್ಧ ಮಾಡಿದ ಖರ್ಚು ತೋರ್ಸೋ ಭಾಗ ಇದೆ, ಅಲ್ಲಿ ಸಪೋರ್ಟ್, ಅಪೋಸ್ ಅಂತ ಎರಡು ಲೆಕ್ಕ ಬೇರೆ ಬೇರೆ ಸಿಗತ್ತೆ. ಒಹಾಯೊದಲ್ಲಿ ಆಗ ಸೆನೆಟರ್ ಆಗಿದ್ದೋರು ಡೆಮಾಕ್ರಟ್ ಶೆರಡ್ ಬ್ರೌನ್, ಎದುರಿಗೆ ರಿಪಬ್ಲಿಕನ್ ಬರ್ನಿ ಮೊರೇನೊ. ಮೊರೇನೊ ಪೇಜ್ ತೆಗೆದ್ರೆ ಡಿಫೆಂಡ್ ಅಮೆರಿಕನ್ ಜಾಬ್ಸ್ ಸಿಕ್ತು. ಅದರ ಮೇಲೆ ಒತ್ತಿ, ಇವರಿಗೆ ದುಡ್ಡು ಎಲ್ಲಿಂದ ಬಂತು ಅಂತ ನೋಡಿದ್ರೆ ಫೇರ್‌ಶೇಕ್ ಅನ್ನೋ ಇನ್ನೊಂದು ಸೂಪರ್ ಪ್ಯಾಕ್. ಇಲ್ಲೇ ಸುಮಾರು ಜನ ಬಿಟ್ಬಿಡ್ತಾರೆ, ಬಿಡಬೇಡಿ, ಇನ್ನೊಂದು ಸಲ ಒತ್ತಿ. ಫೇರ್‌ಶೇಕ್‌ಗೆ ಕೊಟ್ಟೋರು ಯಾರು ಅಂತ ತೆಗೆದ್ರೆ ಕಾಯಿನ್‌ಬೇಸ್, ರಿಪ್ಪಲ್, ಆಂಡ್ರೀಸೆನ್ ಹೊರೊವಿಟ್ಜ್. ಅಂದ್ರೆ ಕ್ರಿಪ್ಟೋ ಕರೆನ್ಸಿ ವ್ಯವಹಾರದೋರ ದುಡ್ಡು. ಬ್ರೌನ್ ಆಗ ಸೆನೆಟ್ ಬ್ಯಾಂಕಿಂಗ್ ಕಮಿಟಿಯ ಅಧ್ಯಕ್ಷರು, ಕ್ರಿಪ್ಟೋ ಮೇಲೆ ಕಟ್ಟುನಿಟ್ಟು ಬೇಕು ಅನ್ನೋರು, ಅವರನ್ನ ಸೋಲಿಸೋಕೆ ಈ ಒಂದು ಗುಂಪು ನಮ್ಮ ಒಂದು ರಾಜ್ಯದಲ್ಲೇ ಸುಮಾರು 4 ಕೋಟಿ ಡಾಲರ್ ಖರ್ಚು ಮಾಡ್ತು. ನಾವು ನೋಡಿದ ಆ್ಯಡ್‌ನಲ್ಲಿ ಕ್ರಿಪ್ಟೋ ಅನ್ನೋ ಪದ ಒಂದು ಸಲಾನೂ ಬರ್ಲಿಲ್ಲ. ಬ್ರೌನ್ ಸೋತ್ರು. ಇದೊಂದೇ ಕಾರಣ ಅಂತ ಹೇಳಲ್ಲ, ಟ್ರಂಪ್ ಒಹಾಯೊದಲ್ಲಿ ಸುಲಭವಾಗಿ ಗೆದ್ದ ವರ್ಷ ಅದು, ಆದ್ರೆ ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಸಿಗೋಕೆ ಮೂರು ಕ್ಲಿಕ್ ಸಾಕಾಯ್ತು.

ಇದು ರಿಪಬ್ಲಿಕನ್‌ಗಳಿಗೆ ಮಾತ್ರ ಅಂದ್ಕೊಬೇಡಿ, ಅದೇ ಫೇರ್‌ಶೇಕ್ ಡೆಮಾಕ್ರಟ್‌ಗಳಿಗಾಗಿ ಪ್ರೊಟೆಕ್ಟ್ ಪ್ರೋಗ್ರೆಸ್ ಅಂತ ಬೇರೆ ಹೆಸರಿನ ಅಂಗಡಿ ಇಟ್ಟಿತ್ತು. ಕ್ಯಾಲಿಫೋರ್ನಿಯಾದಲ್ಲಿ ಡೆಮಾಕ್ರಟ್ ಕೇಟಿ ಪೋರ್ಟರ್ ವಿರುದ್ಧ ಸೆನೆಟ್ ಪ್ರೈಮರಿಯಲ್ಲಿ ಸುಮಾರು 1 ಕೋಟಿ ಡಾಲರ್ ಸುರೀತು. ನ್ಯೂಯಾರ್ಕ್‌ನಲ್ಲಿ 2024ರ ಜೂನ್‌ನಲ್ಲಿ ಜಮಾಲ್ ಬೋಮನ್ ಅನ್ನೋ ಡೆಮಾಕ್ರಟ್‌ನ ಅವರದೇ ಪಾರ್ಟಿ ಪ್ರೈಮರಿಯಲ್ಲಿ ಸೋಲಿಸೋಕೆ ಇಸ್ರೇಲ್ ಪರ ಲಾಬಿ ಮಾಡೋ ಎಐಪಿಎಸಿ ಜೊತೆಗಿನ ಸೂಪರ್ ಪ್ಯಾಕ್ 1.4 ಕೋಟಿಗೂ ಮೇಲೆ ಖರ್ಚು ಮಾಡ್ತು. ಅಧ್ಯಕ್ಷರ ಎಲೆಕ್ಷನ್ ಮಟ್ಟಕ್ಕೆ ಹೋದ್ರೆ ತಲೆ ತಿರುಗತ್ತೆ, ಎಲಾನ್ ಮಸ್ಕ್ ಒಬ್ಬರೇ 25 ಕೋಟಿಗೂ ಜಾಸ್ತಿ, ತಿಮೊತಿ ಮೆಲನ್ ಅನ್ನೋ ಹಳೇ ಬ್ಯಾಂಕಿಂಗ್ ಮನೆತನದವರು ಟ್ರಂಪ್ ಪರ ಸೂಪರ್ ಪ್ಯಾಕ್‌ಗೆ 15 ಕೋಟಿ, ಹ್ಯಾರಿಸ್ ಕಡೆ ಫ್ಯೂಚರ್ ಫಾರ್ವರ್ಡ್‌ಗೆ ಬ್ಲೂಮ್‌ಬರ್ಗ್, ಫೇಸ್‌ಬುಕ್ ಶುರು ಮಾಡಿದೋರಲ್ಲಿ ಒಬ್ಬರಾದ ಡಸ್ಟಿನ್ ಮಾಸ್ಕೊವಿಟ್ಜ್ ಇಂಥವರು. ತೈಲ, ಕ್ಯಾಸಿನೊ ದುಡ್ಡು ಒಂದು ಕಡೆ ವಾಲತ್ತೆ, ಹಾಲಿವುಡ್, ದೊಡ್ಡ ದೊಡ್ಡ ಲಾಯರ್‌ಗಳ ದುಡ್ಡು ಇನ್ನೊಂದು ಕಡೆ, ವಾಲ್ ಸ್ಟ್ರೀಟ್ ಎರಡೂ ಕಡೆ ಕಾಲಿಟ್ಕೊಂಡಿರತ್ತೆ. ಹಂಗಾಗಿ ಯಾವ ಪಾರ್ಟಿ ಶ್ರೀಮಂತರದ್ದು ಅಂತ ಕೇಳೋ ಬದಲು ಈ ಕ್ಯಾಂಡಿಡೇಟ್ ಯಾವ ಶ್ರೀಮಂತರ ಉಪ್ಪು ತಿಂದಿದ್ದಾರೆ ಅಂತ ಕೇಳಿ.

ಸೂಪರ್ ಪ್ಯಾಕ್ ಯಾವತ್ತು ರಿಜಿಸ್ಟರ್ ಆಯ್ತು ಅನ್ನೋ ತಾರೀಕೂ ನೋಡ್ಕೊಳ್ಳಿ. ಪ್ರೈಮರಿಗೆ ಮೂರು ವಾರ ಇದೆ ಅನ್ನುವಾಗ ಹುಟ್ಟಿಕೊಂಡ ಸಂಘ ಆದ್ರೆ ದಾನಿಗಳ ಹೆಸರು ಕೊಡಬೇಕಾದ ದಿನ ವೋಟಿಂಗ್ ಮುಗಿದ ಮೇಲೆ ಬರೋ ಹಾಗೆ ಪ್ಲಾನ್ ಮಾಡಿರ್ತಾರೆ. ಖರ್ಚು ಮಾತ್ರ ತಕ್ಷಣ ಕಾಣತ್ತೆ, ಕೊನೇ 20 ದಿನದಲ್ಲಿ 1,000 ಡಾಲರ್ ದಾಟಿದ ಇಂಥ ಖರ್ಚನ್ನ 24 ಗಂಟೆ ಒಳಗೆ ರಿಪೋರ್ಟ್ ಮಾಡಬೇಕು. ಯಾರಿಗಾಗಿ ಸುರೀತಿದ್ದಾರೆ ಅಂತ ಗೊತ್ತಾಗತ್ತೆ, ಸುರಿಯೋರು ಯಾರು ಅಂತ ಗೊತ್ತಾಗಲ್ಲ. ಅಂಥದ್ದು ಕಂಡ್ರೆ ನಾನು ಅದನ್ನೇ ಒಂದು ಉತ್ತರ ಅಂತ ತಗೋತೀನಿ.

ಇನ್ನು ಹೆಸರೇ ಇಲ್ಲದ ದುಡ್ಡು. ಮೂರು ಕ್ಲಿಕ್ ಮಾಡಿ ನಾಲ್ಕನೇ ಕಡೆ ಹೋದಾಗ ಎಲ್ಎಲ್‌ಸಿ ಅನ್ನೋ ಥರದ ಕಂಪನಿ ಅಂತಲೋ, ಯಾವ್ದೋ "ನೌ", "ಆ್ಯಕ್ಷನ್", "ಫಂಡ್" ಅಂತಲೋ ಹೆಸರು ಬಂದು ಮುಂದಕ್ಕೆ ದಾರಿ ಇಲ್ಲ ಅಂದ್ರೆ ನೀವು ಡಾರ್ಕ್ ಮನಿ ಗೋಡೆಗೆ ಬಂದ್ರಿ ಅಂತ ಅರ್ಥ. ಆ ಗೋಡೆ ಹಿಂದೆ ಏನಿರಬಹುದು ಅಂತ ನಮ್ಮ ಒಹಾಯೊ ಜನಕ್ಕೆ ಚೆನ್ನಾಗಿ ಗೊತ್ತು, ಇಡೀ ರಾಜ್ಯ ಅನುಭವಿಸಿದೆ. ಫಸ್ಟ್‌ಎನರ್ಜಿ ಅನ್ನೋ ಕರೆಂಟ್ ಕಂಪನಿಗೆ ಲೇಕ್ ಈರಿ ದಡದಲ್ಲಿದ್ದ ಎರಡು ಅಣು ವಿದ್ಯುತ್ ಸ್ಥಾವರ ನಷ್ಟದಲ್ಲಿದ್ವು. ಲ್ಯಾರಿ ಹೌಸ್‌ಹೋಲ್ಡರ್ ಅನ್ನೋ ರಿಪಬ್ಲಿಕನ್ 2019ರ ಜನವರೀಲಿ ರಾಜ್ಯದ ಹೌಸ್ ಸ್ಪೀಕರ್ ಆದ್ರು, ಅವರನ್ನ ಸ್ಪೀಕರ್ ಮಾಡೋಕೆ ಎಷ್ಟೋ ಜನ ಡೆಮಾಕ್ರಟ್ ಶಾಸಕರ ವೋಟೂ ಬಿತ್ತು, ಇದನ್ನ ಮರೀಬೇಡಿ. ಜನರೇಷನ್ ನೌ ಅನ್ನೋ 501 ಸಿ 4 ಸಂಸ್ಥೆ ಮೂಲಕ ಸುಮಾರು 6 ಕೋಟಿ ಡಾಲರ್ ಹರೀತು, ಅದರಲ್ಲಿ ತಮ್ಮ ಕಡೆಯ ಕ್ಯಾಂಡಿಡೇಟ್‌ಗಳನ್ನ ಗೆಲ್ಲಿಸ್ಕೊಂಡ್ರು, ಎಚ್‌ಬಿ 6 ಅನ್ನೋ ಮಸೂದೆ ಪಾಸ್ ಮಾಡ್ಸಿದ್ರು, ಆ ಸ್ಥಾವರಗಳನ್ನ ಉಳಿಸೋಕೆ ನೂರು ಕೋಟಿ ಡಾಲರ್‌ಗೂ ಜಾಸ್ತಿ ದುಡ್ಡು ಜನರ ಕರೆಂಟ್ ಬಿಲ್‌ನಿಂದ ಎತ್ತೋ ಮಸೂದೆ ಅದು. ಜನ ಇದನ್ನ ರದ್ದು ಮಾಡೋಕೆ ಸಹಿ ಸಂಗ್ರಹ ಶುರು ಮಾಡಿದಾಗ ಅದನ್ನ ತಡೆಯೋಕೂ ಅದೇ ದುಡ್ಡು, ಚೀನಾ ಸರ್ಕಾರ ನಿಮ್ಮ ಕರೆಂಟ್ ಗ್ರಿಡ್ ಕಬಳಿಸ್ತಿದೆ, ಸಹಿ ಹಾಕಬೇಡಿ ಅಂತ ಟಿವೀಲಿ, ಪೋಸ್ಟ್‌ನಲ್ಲಿ ಪ್ರಚಾರ. ನಂಬಿದೋರು ಎಷ್ಟೋ ಜನ. 2020ರ ಜುಲೈನಲ್ಲಿ ಎಫ್‌ಬಿಐ ಹೌಸ್‌ಹೋಲ್ಡರ್‌ನ ಅರೆಸ್ಟ್ ಮಾಡ್ತು, ಕಂಪನಿ ತಪ್ಪೊಪ್ಪಿಗೆ ಕೊಟ್ಟು 23 ಕೋಟಿ ದಂಡ ಕಟ್ಟೋಕೆ ಒಪ್ತು, 2023ರಲ್ಲಿ ಹೌಸ್‌ಹೋಲ್ಡರ್‌ಗೆ 20 ವರ್ಷ ಜೈಲು ಶಿಕ್ಷೆ ಆಯ್ತು. ಅಣು ಸ್ಥಾವರದ ಚಾರ್ಜ್ ಕೋರ್ಟ್ ತಡೀತು, ಆದ್ರೆ ಅದೇ ಮಸೂದೇಲಿ ಸೇರ್ಸಿದ್ದ ಎರಡು ಹಳೇ ಕಲ್ಲಿದ್ದಲು ಸ್ಥಾವರಗಳ ಸಬ್ಸಿಡಿ 2025ರವರೆಗೂ ನಮ್ಮ ಬಿಲ್‌ಗಳಲ್ಲಿ ಬರ್ತಾನೇ ಇತ್ತು, ಅದರಲ್ಲಿ ಒಂದು ಇರೋದು ಪಕ್ಕದ ಇಂಡಿಯಾನದಲ್ಲಿ! ಯಂಗ್ಸ್‌ಟೌನ್‌ನ ಒಂಟಿ ಅಜ್ಜಿನೂ ಕಟ್ಟಿದ್ರು, ನಾವೂ ಕಟ್ಟಿದ್ವಿ. ಹೊಟ್ಟೆ ಉರಿಯತ್ತೆ ನೆನೆಸ್ಕೊಂಡ್ರೆ.

ಇಲ್ಲಿ ಕೆಲಸಕ್ಕೆ ಬರೋ ವಿಷ್ಯ ಏನಂದ್ರೆ ಗವರ್ನರ್, ರಾಜ್ಯದ ಶಾಸಕರು, ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜ್‌ಗಳು, ಇವರ ಲೆಕ್ಕ ಎಫ್‌ಇಸಿಯಲ್ಲಿ ಸಿಗಲ್ಲ, ಆಯಾ ರಾಜ್ಯದ ವೆಬ್‌ಸೈಟ್ ನೋಡಬೇಕು, ಒಹಾಯೊದಲ್ಲಿ ಸೆಕ್ರೆಟರಿ ಆಫ್ ಸ್ಟೇಟ್‌ದು. ನಿಯಮಾನೂ ರಾಜ್ಯಕ್ಕೊಂದು ಥರ. ಡಾರ್ಕ್ ಮನಿಗೆ ನೇರ ದಾರಿ ಇಲ್ಲದಿದ್ರೂ ಒಂದು ಅಡ್ಡದಾರಿ ಇದೆ, ಹಿಂದಿನಿಂದ ಬನ್ನಿ. ಯಾರು ಕೊಟ್ರು ಅಂತ ಗೊತ್ತಾಗದಿದ್ರೆ ಗೆದ್ದ ಮೇಲೆ ಯಾರಿಗೆ ಲಾಭ ಆಯ್ತು ಅಂತ ನೋಡಿ, ಅಂದ್ರೆ ವೋಟಿಂಗ್ ರೆಕಾರ್ಡ್. ಕಾಂಗ್ರೆಸ್‌ನ ವೆಬ್‌ಸೈಟಲ್ಲಿ, ಹೆಸರು ದಾಖಲು ಮಾಡಿ ವೋಟ್ ಹಾಕಿಸಿದ ಮಸೂದೆಗಳಿಗೆ ಯಾರು ಹೌದು ಯಾರು ಅಲ್ಲ ಅಂತ ಇದೆ. ನಾನು ಎರಡು ವಿಷ್ಯ ಹಿಡ್ಕೊಂಡು ನೋಡ್ತೀನಿ, ಒಂದು ಕೂಲಿಯೋರದ್ದು, ಒಂದು ಕುಬೇರರದ್ದು.

ಕೂಲಿಯೋರದ್ದು ಅಂದ್ರೆ ಫೆಡರಲ್ ಮಿನಿಮಮ್ ವೇಜ್, 2009ರ ಜುಲೈಯಿಂದ ಗಂಟೆಗೆ 7.25 ಡಾಲರ್, ಅಲ್ಲಿಂದ ಅಲ್ಲಾಡಿಲ್ಲ. 2021ರ ಮಾರ್ಚ್‌ನಲ್ಲಿ ಅದನ್ನ 15 ಮಾಡೋಣ ಅಂತ ಸ್ಯಾಂಡರ್ಸ್ ತಂದ ತಿದ್ದುಪಡಿ 42-58ರಲ್ಲಿ ಬಿದ್ದೋಯ್ತು, ಬೇಡ ಅಂದೋರಲ್ಲಿ ಎಂಟು ಜನ ಡೆಮಾಕ್ರಟ್ ಕಡೆಯೋರೇ. ಕುಬೇರರದ್ದು ಅಂದ್ರೆ ಕ್ಯಾರಿಡ್ ಇಂಟರೆಸ್ಟ್, ಬೇರೆಯವರ ದುಡ್ಡಲ್ಲಿ ಕಂಪನಿ ಕೊಂಡು ಮಾರೋ ಪ್ರೈವೇಟ್ ಈಕ್ವಿಟಿ ನಡೆಸೋರು ತಮ್ಮ ದುಡಿಮೆ ದುಡ್ಡನ್ನ ಹೂಡಿಕೆ ಲಾಭ ಅಂತ ತೋರ್ಸಿ 37ರ ಬದಲು 20 ಪರ್ಸೆಂಟ್ ದರದಲ್ಲಿ ತೆರಿಗೆ ಕಟ್ಟೋ ಸೌಕರ್ಯ. 2016ರಲ್ಲಿ ಟ್ರಂಪ್ ಇದನ್ನ ತೆಗೀತೀನಿ ಅಂದ್ರು, 2017ರ ತೆರಿಗೆ ಕಾಯ್ದೆ ಬಂದಾಗ ಸ್ವಲ್ಪ ಬಿಗಿ ಮಾಡಿ ಉಳಿಸಿದ್ರು. 2022ರಲ್ಲಿ ಡೆಮಾಕ್ರಟ್‌ಗಳು ಅದಕ್ಕೆ ಕೈ ಹಾಕಿದ್ರು, ಅವರದೇ ಸೆನೆಟರ್ ಕಿರ್ಸ್ಟನ್ ಸಿನೆಮಾ ಒಪ್ಪದೆ ಆ ಭಾಗ ತೆಗೆಸಿದ್ರು. ಎರಡು ಪಾರ್ಟಿ, ಎರಡು ಸಲ, ಒಂದೇ ರಿಸಲ್ಟ್.

ಯಾಕೆ ಹಿಂಗಾಗತ್ತೆ ಅಂತ ತಿಳ್ಕೊಬೇಕಂದ್ರೆ ಗೆದ್ದೋರು ದಿನಾ ಯಾರ ಮಾತು ಕೇಳ್ತಾರೆ ಅಂತ ನೋಡಬೇಕು. 2013ರಲ್ಲಿ ಹೊರಗೆ ಬಂದ ಡೆಮಾಕ್ರಟ್ ಪಾರ್ಟಿಯ ಒಂದು ಸ್ಲೈಡ್‌ನಲ್ಲಿ ಹೊಸದಾಗಿ ಗೆದ್ದ ಸಂಸದರಿಗೆ ದಿನಕ್ಕೆ ನಾಲ್ಕು ಗಂಟೆ "ಕಾಲ್ ಟೈಮ್" ಅಂತ ಟೈಂಟೇಬಲ್ ಹಾಕಿದ್ರು. ಸರ್ಕಾರಿ ಆಫೀಸಿಂದ ಚಂದಾ ಕೇಳೋ ಹಾಗಿಲ್ಲ, ಅದಕ್ಕೆ ಕ್ಯಾಪಿಟಲ್ ಪಕ್ಕದಲ್ಲಿರೋ ಪಾರ್ಟಿ ಬಿಲ್ಡಿಂಗ್‌ಗೆ ನಡ್ಕೊಂಡು ಹೋಗಿ, ಸಣ್ಣ ಕೋಣೇಲಿ ಹೆಡ್‌ಸೆಟ್ ಹಾಕ್ಕೊಂಡು, ಮುಂದೆ ಲಿಸ್ಟ್ ಇಟ್ಕೊಂಡು ಒಬ್ಬೊಬ್ಬರಿಗೇ ಫೋನ್. ರಿಪಬ್ಲಿಕನ್‌ಗಳದ್ದೂ ಇದೇ ಪಾಡು. ಆ ನಾಲ್ಕು ಗಂಟೇಲಿ ಅವರ ಕಿವಿಗೆ ಬೀಳೋದು ಸಾವಿರಾರು ಡಾಲರ್ ಕೊಡಬಲ್ಲೋರ ಕಷ್ಟಸುಖ, ಗಂಟೆಗೆ 7.25ಕ್ಕೆ ದುಡಿಯೋರದ್ದಲ್ಲ.

ದೊಡ್ಡ ಊಟಗಳ ಸುದ್ದಿ ಬಂದಾಗ ಓದಿ ಇಟ್ಕೊಳ್ಳಿ. 2024ರ ಮಾರ್ಚ್‌ನಲ್ಲಿ ಬೈಡನ್, ಒಬಾಮ, ಕ್ಲಿಂಟನ್ ಮೂವರೂ ಸೇರಿ ನ್ಯೂಯಾರ್ಕ್‌ನ ರೇಡಿಯೋ ಸಿಟಿ ಹಾಲ್‌ನಲ್ಲಿ ಒಂದೇ ರಾತ್ರಿ ಸುಮಾರು 2.6 ಕೋಟಿ ಡಾಲರ್ ಎತ್ತಿದ್ರು, ಮೂವರ ಜೊತೆ ಫೋಟೋಗೆ 1 ಲಕ್ಷ ಡಾಲರ್ ಅಂತ ವರದಿ ಆಗಿತ್ತು. ಮುಂದಿನ ತಿಂಗಳೇ ಪಾಮ್ ಬೀಚ್‌ನಲ್ಲಿ ಟ್ರಂಪ್ ಊಟ, ಮೇಲಿನ ದರ್ಜೆ ಸೀಟಿಗೆ 8 ಲಕ್ಷ ಡಾಲರ್‌ಗೂ ಮೇಲೆ. ಒಳಗೆ ಏನು ಮಾತಾಡ್ತಾರೆ ಅನ್ನೋದು ಅಪರೂಪಕ್ಕೆ ಹೊರಗೆ ಬರತ್ತೆ. ದುಡಿಯೋ ವರ್ಗದ ಬಗ್ಗೆ ಅಧ್ಯಕ್ಷ ಪದವಿಗೆ ನಿಂತೋರ ಬಾಯಿಂದ ಜಾರಿದ ಮೂರು ಮಾತು ಇಲ್ಲಿ ಎಲ್ಲರಿಗೂ ನೆನಪಿದೆ. 2008ರಲ್ಲಿ ಒಬಾಮ, ಕೆಲಸ ಕಳ್ಕೊಂಡ ಸಣ್ಣ ಊರಿನೋರು ಕಹಿಯಾಗಿ ಬಂದೂಕಿಗೂ ಧರ್ಮಕ್ಕೂ ಅಂಟ್ಕೋತಾರೆ ಅಂದಿದ್ದು. 2012ರಲ್ಲಿ ರಾಮ್ನಿ, 47 ಪರ್ಸೆಂಟ್ ಜನ ಸರ್ಕಾರದ ಮೇಲೇ ಬಿದ್ದಿರ್ತಾರೆ ಅಂದಿದ್ದು. 2016ರಲ್ಲಿ ಹಿಲರಿ, ಟ್ರಂಪ್ ಕಡೆಯ ಅರ್ಧ ಜನರನ್ನ "ಡಿಪ್ಲೋರಬಲ್ಸ್" ಬುಟ್ಟೀಲಿ ಹಾಕಬಹುದು ಅಂದಿದ್ದು. ಮೂರನ್ನೂ ಎಲ್ಲಿ ಹೇಳಿದ್ರು ನೋಡಿ, ಸ್ಯಾನ್ ಫ್ರಾನ್ಸಿಸ್ಕೊ, ಬೋಕಾ ರಟೋನ್, ನ್ಯೂಯಾರ್ಕ್, ಮೂರೂ ದುಡ್ಡು ಎತ್ತೋ ಕಾರ್ಯಕ್ರಮ. ಎದುರಿಗೆ ಕೂತೋರು ದಾನಿಗಳು.

ನಮ್ಮ ರಾಜ್ಯದಲ್ಲಿ ಇದರ ಫಲ ಕಣ್ಣಿಗೇ ಕಾಣತ್ತೆ. 1896ರಲ್ಲಿ ಕ್ಲೀವ್‌ಲ್ಯಾಂಡ್‌ನ ಮಾರ್ಕ್ ಹ್ಯಾನಾ ಬ್ಯಾಂಕ್‌ಗಳಿಂದ ಇಷ್ಟು ಪಾಲು ಅಂತ ಲೆಕ್ಕ ಕಟ್ಟಿ ವಸೂಲಿ ಮಾಡಿ ಒಹಾಯೊದ ಮೆಕಿನ್ಲಿಯನ್ನ ಅಧ್ಯಕ್ಷ ಮಾಡಿದ್ರು, ಆ ಕಾಲದಿಂದ ಇಲ್ಲಿ ದುಡ್ಡೇ ದೊಡ್ಡಪ್ಪ. ಆದ್ರೆ ಸ್ಟೀಲ್ ಮಿಲ್‌ಗಳಿದ್ದ ಯಂಗ್ಸ್‌ಟೌನ್‌ನಲ್ಲಿ ಯೂನಿಯನ್ ಇತ್ತು, ಯೂನಿಯನ್ ಹಿಂದೆ ಡೆಮಾಕ್ರಟ್ ಪಾರ್ಟಿ ಇತ್ತು. 1977ರ ಸೆಪ್ಟೆಂಬರ್ 19, ಸೋಮವಾರ, ಮಿಲ್ ಮುಚ್ತೀವಿ ಅಂದ್ರು, ಸುಮಾರು 5,000 ಕೆಲಸ ಹೋಯ್ತು, ಅದನ್ನ ಈಗಲೂ ಬ್ಲ್ಯಾಕ್ ಮಂಡೇ ಅಂತಾರೆ. ಆಮೇಲೆ ಮೆಕ್ಸಿಕೊ, ಕೆನಡಾ ಜೊತೆಗಿನ ನಾಫ್ಟಾ ವ್ಯಾಪಾರ ಒಪ್ಪಂದ, ಸೀನಿಯರ್ ಬುಷ್ ಮಾತುಕತೆ ಮಾಡಿದ್ದು, ಕ್ಲಿಂಟನ್ ಕಾನೂನು ಮಾಡಿದ್ದು. 2017ರಲ್ಲಿ ಟ್ರಂಪ್ ಅಲ್ಲಿಗೆ ಬಂದು ಕೆಲಸ ಎಲ್ಲಾ ವಾಪಸ್ ಬರತ್ತೆ, ಮನೆ ಮಾರಬೇಡಿ ಅಂದ್ರು. 2019ರಲ್ಲಿ ಪಕ್ಕದ ಲಾರ್ಡ್ಸ್‌ಟೌನ್ ಜಿಎಂ ಪ್ಲಾಂಟ್ ಮುಚ್ತು. ಆದ್ರೂ 2020ರಲ್ಲಿ ಯಂಗ್ಸ್‌ಟೌನ್ ಇರೋ ಮಹೋನಿಂಗ್ ಕೌಂಟಿ 1972ರ ನಂತರ ಮೊದಲನೇ ಸಲ ರಿಪಬ್ಲಿಕನ್ ಆಯ್ತು. ಪಾಪ ಆ ಜನ ದಡ್ಡರು ಅಂತ ನಮ್ಮೋರು ಕೆಲವರು ಹೇಳೋದು ಕೇಳಿದ್ದೀನಿ, ನಂಗೆ ಸಿಟ್ಟು ಬರತ್ತೆ, ಎರಡು ಕಡೆಯೋರೂ ಕೈಬಿಟ್ಟ ಮೇಲೆ ಕಡೇಪಕ್ಷ ಹೆಸರು ಹಿಡಿದು ಮಾತಾಡ್ಸಿದೋರ ಕಡೆ ಹೋದ್ರು ಅಷ್ಟೇ. ಅದಕ್ಕೇ ವೋಟು ಹಾಕೋರ ವರ್ಗ ಬೇರೆ, ದುಡ್ಡು ಹಾಕೋರ ವರ್ಗ ಬೇರೆ, ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರ್ಕೊಳ್ಳಿ.

ಗೆದ್ದೋರ ಸ್ವಂತ ಆಸ್ತಿ ನೋಡಬೇಕಂದ್ರೆ ಕಾಂಗ್ರೆಸ್‌ನ ಎರಡು ಸದನಗಳ, ಅಂದ್ರೆ ಹೌಸ್ ಕ್ಲರ್ಕ್ ಮತ್ತೆ ಸೆನೆಟ್ ವೆಬ್‌ಸೈಟ್‌ಗಳಲ್ಲಿ ಫೈನಾನ್ಷಿಯಲ್ ಡಿಸ್‌ಕ್ಲೋಷರ್ ಸಿಗತ್ತೆ. ಸರಿಯಾದ ನಂಬರ್ ಇರಲ್ಲ, ಇಷ್ಟರಿಂದ ಇಷ್ಟು ಅಂತ ಇರತ್ತೆ. ಷೇರು ಕೊಂಡ್ರೆ ಮಾರಿದ್ರೆ 45 ದಿನದೊಳಗೆ ಹೇಳಬೇಕು ಅಂತ 2012ರ ಸ್ಟಾಕ್ ಕಾಯ್ದೆ, ತಪ್ಪಿದ್ರೆ ಸಾಮಾನ್ಯವಾಗಿ 200 ಡಾಲರ್ ದಂಡ, ಅಷ್ಟೇ.

ನಮ್ಮ ಜನಕ್ಕೆ ಮುಖ್ಯವಾಗಿ ಹೇಳಬೇಕಾದ್ದು ಇದೆ. ಎಚ್1ಬಿ, ಎಲ್1, ಎಫ್1, ಯಾವ ವೀಸಾದಲ್ಲಿದ್ರೂ ಒಂದು ಡಾಲರ್ ಕೂಡ ಕೊಡೋ ಹಾಗಿಲ್ಲ, ಲೋಕಲ್ ಎಲೆಕ್ಷನ್‌ಗೂ ಇಲ್ಲ. ಗ್ರೀನ್ ಕಾರ್ಡ್ ಇದ್ರೆ ಕೊಡಬಹುದು, ವೋಟ್ ಮಾತ್ರ ಹಾಕೋ ಹಾಗಿಲ್ಲ. "ನೀನು ನಿನ್ನ ಹೆಸರಲ್ಲಿ ಕೊಡು, ನಾನು ನಿಂಗೆ ಕೊಟ್ಬಿಡ್ತೀನಿ" ಅಂತ ಬಾಸ್ ಅಂದ್ರೂ, ಮಾವನ ಮಗ ಅಂದ್ರೂ ಒಪ್ಪಬೇಡಿ, ಅದು ಕ್ರಿಮಿನಲ್ ಕೇಸ್, ಮುಂಬೈನಲ್ಲಿ ಹುಟ್ಟಿದ ದಿನೇಶ್ ಡಿಸೋಜ ಇದೇ ತಪ್ಪಿಗೆ 2014ರಲ್ಲಿ ತಪ್ಪೊಪ್ಪಿಕೊಂಡ್ರು, ಆಮೇಲೆ ಟ್ರಂಪ್ ಕ್ಷಮಾದಾನ ಕೊಟ್ರು, ಎಲ್ಲರಿಗೂ ಅಂಥ ಅದೃಷ್ಟ ಇರಲ್ಲ. ಕೊಡೋ ಮುಂಚೆ ಪೇಜ್‌ನಲ್ಲಿ "ಪ್ರತಿ ತಿಂಗಳು" ಅನ್ನೋ ಡಬ್ಬೀಲಿ ಟಿಕ್ ಮೊದಲೇ ಬಿದ್ದಿದ್ಯಾ ನೋಡಿ ತೆಗೀರಿ. ಮತ್ತೆ ನಮ್ಮ ಕನ್ನಡ ಕೂಟ ನಿಮ್ಮ ಊರಲ್ಲಿ 501 ಸಿ 3, ಅಂದ್ರೆ ಧರ್ಮಾರ್ಥ ಸಂಸ್ಥೆ, ಅಂತ ರಿಜಿಸ್ಟರ್ ಆಗಿದ್ರೆ ಯಾವ ಕ್ಯಾಂಡಿಡೇಟ್‌ಗೂ ಬೆಂಬಲ ಘೋಷಿಸೋ ಹಾಗಿಲ್ಲ, ರಾಜ್ಯೋತ್ಸವಕ್ಕೆ ಬಂದು ಶಾಲು ಹೊದ್ದು ಫೋಟೋ ತೆಗೆಸ್ಕೊಂಡು ಹೋಗೋ ಕ್ಯಾಂಡಿಡೇಟ್‌ನ ವೇದಿಕೆಗೆ ಕರೆಯೋ ಮುಂಚೆ ಕಮಿಟಿಯೋರು ಇದನ್ನ ಒಂದು ಸಲ ಕೇಳ್ಕೊಳ್ಳಿ.

ಯಾವಾಗ ಮಾಡಬೇಕು ಅಂದ್ರೆ ಪ್ರೈಮರಿಗೆ ಮುಂಚೆ. ಎಷ್ಟೋ ಸೀಟಲ್ಲಿ ಯಾವ ಪಾರ್ಟಿ ಅನ್ನೋದು ಮೊದಲೇ ತೀರ್ಮಾನ ಆಗಿರತ್ತೆ, ಪ್ರೈಮರೀಲಿ ಗೆದ್ದೋರೇ ಗೆದ್ದಂಗೆ, ಜನ ಬರೋದು ಕಮ್ಮಿ, ಹಂಗಾಗಿ ದುಡ್ಡು ಸುರಿಯೋರಿಗೆ ಅಲ್ಲೇ ಅಗ್ಗ. ಒಹಾಯೊದಲ್ಲಿ ಪಾರ್ಟಿ ರಿಜಿಸ್ಟ್ರೇಷನ್ ಅಂತ ಇಲ್ಲ, ಆ ದಿನ ಯಾವ ಪಾರ್ಟಿ ಬ್ಯಾಲೆಟ್ ಬೇಕು ಅಂತ ಕೇಳಿ ತಗೋಬೇಕು. ಕಾಂಗ್ರೆಸ್‌ಗೆ ನಿಂತೋರು ಪ್ರೈಮರಿಗೆ 12 ದಿನ ಇರುವಾಗ ಕೊನೇ ಲೆಕ್ಕದ ರಿಪೋರ್ಟ್ ಕೊಡ್ತಾರೆ, ಅರ್ಲಿ ವೋಟಿಂಗ್ ಅಷ್ಟೊತ್ತಿಗೆ ಶುರುವಾಗಿ ಎರಡು ವಾರ ಆಗಿರತ್ತೆ, ಮೊದಲ ದಿನಾನೇ ವೋಟ್ ಹಾಕಿ ಬಂದೋರಿಗೆ ಅದು ಸಿಗಲ್ಲ. ನಮ್ಮನೇಲಿ ಬ್ಯಾಲೆಟ್ ಪೋಸ್ಟಲ್ಲಿ ಬರತ್ತೆ, ದೇವರ ಕೋಣೆ ಪಕ್ಕದ ಶೆಲ್ಫ್‌ನಲ್ಲಿ ಹಂಗೇ ಇಟ್ಟಿರ್ತೀನಿ, ಆ ರಿಪೋರ್ಟ್ ಬಂದ ರಾತ್ರಿ ಊಟ ಆದ್ಮೇಲೆ ಲ್ಯಾಪ್‌ಟಾಪ್ ತೆಗೆದು ನೋಡಿ, ಆಮೇಲೆ ತುಂಬಿ, ಕವರ್ ಅಂಟಿಸಿ, ಬೆಳಿಗ್ಗೆ ಬೋರ್ಡ್ ಆಫ್ ಎಲೆಕ್ಷನ್ಸ್ ಆಫೀಸಿಗೆ ನಾನೇ ಹೋಗಿ ಕೊಟ್ಟು ಬರ್ತೀನಿ.